ಹೊಸದಾಗಿ ಹಿತ್ತಲ ತೋಟ ಮಾಡುವವರಿಗೆ



ರೋಹಿಣಿ ಮಳೆ ಒಂದೆರಡು ಹದ ಬಿದ್ದರೆ ಸಾಕು, ನಮ್ಮ ಕಛೇರಿಗೆ ಬರುವವರ ಮಾತು ಬದಲಾಗುತ್ತದೆ. “ಮನೆ ಹಿಂದೆ ಒಂದು ಗುಂಟೆ ಜಾಗ ಸುಮ್ಮನೆ ಬಿದ್ದಿದೆ ಸಾರ್, ಏನಾದರೂ ಹಾಕೋಣ ಅಂತ. ಬೀಜ ಇದ್ದರೆ ಕೊಡಿ.” ಕೇಳುವುದು ಒಳ್ಳೆಯದೇ. ಮೊದಲಾದರೆ ನಾನು ಆ ಕೂಡಲೇ ಬೀಜದ ಪೊಟ್ಟಣ ಕೊಟ್ಟು ಕಳಿಸುತ್ತಿದ್ದೆ. ಈಗ ಹಾಗೆ ಕೊಡುವುದಿಲ್ಲ. “ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗ್ತದೆ?” ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಬೀಜ ಕೇಳಲು ಬಂದವನಿಗೆ ಈತ ಬಚ್ಚಲ ಸಮಾಚಾರ ಹೇಳುತ್ತಾನಲ್ಲ ಅಂತ. ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನನ್ನದೇ ಒಂದು ತಪ್ಪು. ಅದನ್ನೇ ಮೊದಲು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಒಂದು ಮನೆ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಆ ತಾಯಿಗೆ ಮೈಯಲ್ಲಿ ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಸೊಪ್ಪು ತರಕಾರಿ ಚೆನ್ನಾಗಿ ತಿನ್ನಬೇಕು ಎಂದೂ ಹೇಳಿದ್ದರಂತೆ. ಸಂತೆ ವಾರಕ್ಕೊಮ್ಮೆ, ತಂದ ಸೊಪ್ಪು ಎರಡನೆಯ ದಿನಕ್ಕೇ ಬಾಡುತ್ತದೆ. ಹಿಂದುಗಡೆ ಒಂದು ಗುಂಟೆ ಜಾಗ ಇತ್ತು. ಡಿಪ್ಲೊಮಾ ಮುಗಿಸಿ ಬಂದ ಹುರುಪು ನನಗೆ. ಇಡೀ ಗುಂಟೆ ಅಗೆಸಿದೆ. ಬದನೆ, ಬೆಂಡೆ, ಟೊಮೆಟೊ, ಹೀರೆ, ಐದಾರು ಬಗೆ ಸೊಪ್ಪು, ಪರಂಗಿ, ಬಾಳೆ, ಸಾಲದ್ದಕ್ಕೆ ಹತ್ತು ಕೋಳಿಮರಿ. ಆರಿದ್ರೆಯಿಂದ ಚಿತ್ತೆ ಮಳೆಯವರೆಗೆ ತೋಟ ನೋಡುವ ಹಾಗಿತ್ತು. ಮೇಲಧಿಕಾರಿಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಫೋಟೋ ಕೂಡ ಆಯಿತು.

ಸಂಕ್ರಾಂತಿ ಕಳೆಯಿತು. ಮಳೆಯ ಪಸೆ ನೆಲದಲ್ಲಿ ಉಳಿಯಲಿಲ್ಲ. ನಲ್ಲಿ ನೀರು ಎರಡು ದಿನಕ್ಕೊಮ್ಮೆ, ಅದೂ ಕುಡಿಯುವುದಕ್ಕೆ ಆಗುವಷ್ಟು. ಶಿವರಾತ್ರಿ ಆಸುಪಾಸಿನಲ್ಲಿ ಒಂದು ದಿನ ಬೆಳಗ್ಗೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಆ ತಾಯಿ ಕೈಪಂಪಿನಿಂದ ನೀರು ಹೊರುತ್ತಿದ್ದರು. ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು ಬಕೆಟ್. ಹಿಂದೆ ಆರನೆಯ ಕ್ಲಾಸಿನ ಮಗಳು ಒಂದು ಬಿಂದಿಗೆ ಹೊತ್ತು ಬರುತ್ತಿದ್ದಳು. “ಎಷ್ಟು ಕೊಡ ಆಗ್ತದಮ್ಮ?” ಅಂದೆ. “ಎಣಿಸಿಲ್ಲ. ಗಿಡ ಒಣಗಿದ್ರೆ ನೀವು ಬಂದು ಏನಂತೀರೋ ಅಂತ” ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅದನ್ನು ಜೂನ್ ತಿಂಗಳಲ್ಲೇ ಹಾಕಬೇಕಾಗಿತ್ತು. ನೀವೂ ಸ್ವಲ್ಪ ಗಮನ ಕೊಟ್ಟು ಕೇಳಿ.

ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಮೀಟರಿನ ಲೆಕ್ಕದಲ್ಲಿ ಸುಮಾರು ನೂರು ಚದರ ಮೀಟರ್. ಬೇಸಿಗೆಯಲ್ಲಿ ಕಾಯಿಪಲ್ಯದ ಮಡಿಗೆ ಚದರ ಮೀಟರಿಗೆ ದಿನವೊಂದಕ್ಕೆ ಐದು ಲೀಟರ್ ನೀರು ಬೇಕು ಅಂತಿಟ್ಟುಕೊಳ್ಳಿ. ಅಲ್ಲಿಗೆ ಗುಂಟೆಗೆ ದಿನಕ್ಕೆ 500 ಲೀಟರ್ ಆಯಿತು. 15 ಲೀಟರ್ ಹಿಡಿಯುವ ಕೊಡದಲ್ಲಿ ಇದು 33 ಕೊಡ. ದಿನವೂ 33 ಕೊಡ! ಮೈಯಲ್ಲಿ ರಕ್ತ ಇಲ್ಲದ ಹೆಂಗಸಿಗೆ ರಕ್ತ ಬರಲಿ ಅಂತ ನಾನು ಹಾಕಿಸಿದ ತೋಟ ಅದು.

ಆ ತೋಟ ಯುಗಾದಿಯ ಹೊತ್ತಿಗೆ ಒಣಗಿತು. ನಾನೇ “ಬಿಟ್ಟುಬಿಡಿ ತಾಯಿ” ಎಂದೆ. ಆದರೆ ಬಚ್ಚಲ ತೂಬಿನ ಬದಿಯಲ್ಲಿ ಒಂದು ಮೂಲೆ ಮಾತ್ರ ಹಸಿರಾಗೇ ಇತ್ತು. ದಂಟು, ನಾಲ್ಕು ಬದನೆಗಿಡ, ಬೇಲಿಯ ಮೇಲೆ ಬಸಳೆ. ಅದಕ್ಕೆ ಅವರು ಒಂದು ಕೊಡ ನೀರೂ ಹೊತ್ತಿರಲಿಲ್ಲ. ಕಾಲಲ್ಲಿ ಮಣ್ಣು ಎಳೆದು ಒಂದು ಕಾಲುವೆ ಮಾಡಿದ್ದರು, ಅಷ್ಟೇ. ಹೆಜ್ಜೆ ಹಾಕಿ ಅಳೆದೆ. ಹತ್ತಿರ ಹತ್ತಿರ 15 ಅಡಿಗೆ 15 ಅಡಿ.

ಇದು ಆಕಸ್ಮಿಕ ಅಲ್ಲ. ಐದು ಜನರ ಮನೆ. ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ಅಂದರೂ 75 ಲೀಟರ್. ಪಾತ್ರೆ, ಕೈಕಾಲು, ಅಕ್ಕಿ ಕಾಳು ತೊಳೆದ ನೀರು ಇನ್ನೊಂದು 25. ಒಟ್ಟು ನೂರು ಲೀಟರ್. ಚದರ ಮೀಟರಿಗೆ ಐದು ಲೀಟರಿನಂತೆ ಇಪ್ಪತ್ತು ಚದರ ಮೀಟರ್ ಬೆಳೆಗೆ ಆಗುತ್ತದೆ. ಇಪ್ಪತ್ತು ಚದರ ಮೀಟರ್ ಎಂದರೆ ಹದಿನೈದಕ್ಕೆ ಹದಿನೈದು ಅಡಿಗೆ ಒಂದಿಷ್ಟು ಕಡಿಮೆ. ಗುಂಟೆಯ ಐದನೇ ಒಂದು ಪಾಲು.

ಆದ್ದರಿಂದ ಹೊಸಬರಿಗೆ ನನ್ನ ಮಾತು ಇಷ್ಟು: ಮೊದಲ ವರ್ಷ ಜಾಗ ನೋಡಿ ತೋಟದ ಅಳತೆ ಗೊತ್ತು ಮಾಡಬೇಡಿ, ಬಚ್ಚಲ ನೀರು ನೋಡಿ ಮಾಡಿ. ಗುದ್ದಲಿ ತೆಗೆಯುವುದಕ್ಕೆ ಮುಂಚೆ ಎರಡು ದಿನ ಬಚ್ಚಲ ತೂಬಿನ ಕೆಳಗೆ ಬಕೆಟ್ ಇಟ್ಟು ಎಣಿಸಿ. ಬಂದಷ್ಟು ಲೀಟರನ್ನು ಐದರಿಂದ ಭಾಗಿಸಿದರೆ ನಿಮ್ಮ ತೋಟ ಎಷ್ಟು ಚದರ ಮೀಟರ್ ಎಂಬುದು ಸಿಕ್ಕಿತು. ಈಗ ಮಳೆಗಾಲ, ಎಲ್ಲಿ ಹಾಕಿದರೂ ಹುಟ್ಟುತ್ತದೆ. ಅದನ್ನು ನಂಬಿ ಅಗೆದವರು ಮಾಘಮಾಸದಲ್ಲಿ ಕೊಡ ಹಿಡಿಯುತ್ತಾರೆ. ಬಾಯಲ್ಲಿ ಹೇಳುವವನು ಗಂಡಸು, ಹೊರುವವಳು ಹೆಂಗಸು. ಇದನ್ನು ರೇಡಿಯೋದಲ್ಲಿ ಹೇಳಿದರೆ ಕೆಲವರಿಗೆ ಕೋಪ ಬರಬಹುದು, ಬರಲಿ.

ಈಗ ಬಚ್ಚಲ ನೀರನ್ನು ಹದ ಮಾಡುವ ವಿಚಾರ. ತೂಬಿನ ಮುಂದೆ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಒಂದು ಗುಣಿ ತೆಗೆಯಿರಿ. ಅಡಿಯಲ್ಲಿ ಮುಷ್ಟಿ ಗಾತ್ರದ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಮೇಲುಗಡೆ ಒಂದು ಗೇಣು ದಪ್ಪ ಮರಳು. ನೀರು ಬೀಳುವ ಕಡೆ ಒಂದು ಹಳೆಯ ಬುಟ್ಟಿಯಲ್ಲಿ ತೆಂಗಿನ ನಾರು ತುಂಬಿ ಇಡಿ. ಕೂದಲು, ಅನ್ನದ ಅಗುಳು, ಜಿಡ್ಡು ಅದರಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ನಾರು ಬದಲಾಯಿಸಿ, ತಿಂಗಳಿಗೊಮ್ಮೆ ಮರಳಿನ ಮೇಲ್ಪದರ ಕೆರೆದು ತೆಗೆಯಿರಿ. ಗುಣಿಯ ಆಚೆ ಬದಿಯಿಂದ ಕಾಲುವೆ. ತೋಟ ಬಚ್ಚಲಿಗಿಂತ ಒಂದು ಗೇಣಾದರೂ ತಗ್ಗಿನಲ್ಲಿರಬೇಕು. ನಡೆಯುವ ಕೆಲಸ ನೀರಿನದು, ಹೆಂಗಸಿನದಲ್ಲ.

ಮೂರು ಎಚ್ಚರಿಕೆಗಳಿವೆ. ಬಟ್ಟೆ ಒಗೆದ ಮೊದಲನೆಯ ನೊರೆ ನೀರು ತೋಟಕ್ಕೆ ಬೇಡ. ಸೋಪಿನ ಪುಡಿಯಲ್ಲಿರುವ ಸೋಡಾ ನೆಲದ ಮೇಲೆ ಬಿಳಿ ಕಟ್ಟುತ್ತದೆ, ಎರಡು ಮೂರು ವರ್ಷದಲ್ಲಿ ಮಣ್ಣು ಚೌಳಾಗಿ ಗಟ್ಟಿಯಾಗುತ್ತದೆ. ಜಾಲಿಸಿದ ನೀರು ಬಿಡಬಹುದು. ಕೊತ್ತಂಬರಿ, ಪುದೀನ, ಮೂಲಂಗಿಯಂತೆ ಹಸಿಯಾಗಿ ತಿನ್ನುವುದಕ್ಕೆ ಒಳ್ಳೆಯ ನೀರನ್ನೇ ಹಾಕಿ. ಬಚ್ಚಲ ನೀರು ಯಾವ ಎಲೆಯ ಮೇಲೂ ಬೀಳದಂತೆ ಬುಡಕ್ಕೆ ಮಾತ್ರ ಹೋಗಲಿ. ಮತ್ತೆ, ಎಲ್ಲಿಯೂ ನೀರು ನಿಲ್ಲಬಾರದು. ನಿಂತ ನೀರಲ್ಲಿ ವಾರ ಹತ್ತು ದಿನದಲ್ಲಿ ಸೊಳ್ಳೆ ಏಳುತ್ತದೆ. ಕಕ್ಕಸಿನ ನೀರು ಇದಕ್ಕೆ ಸೇರಕೂಡದು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ.

ಇನ್ನು ಮಡಿ. ಹದಿನೈದಡಿ ಚೌಕದಲ್ಲಿ ಮೂರಡಿ ಅಗಲದ ನಾಲ್ಕು ಮಡಿ, ನಡುವೆ ಒಂದೊಂದು ಅಡಿಯ ಮೂರು ಕಾಲುದಾರಿ. ಸರಿಯಾಗಿ ಹದಿನೈದು ಅಡಿ. ಮೂರಡಿ ಏಕೆ ಅಂದರೆ, ದಾರಿಯಲ್ಲಿ ಕೂತು ಕೈ ಚಾಚಿದರೆ ಮಡಿಯ ನಡುವಿನವರೆಗೆ ಸಿಗಬೇಕು. ಮಡಿಯ ಮೇಲೆ ಕಾಲಿಡುವ ಸಂದರ್ಭವೇ ಬರಬಾರದು. ತುಳಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಹುಣಸೆ ಮರದ ನೆರಳಿನಲ್ಲಿ ಬದನೆ ಹಾಕಿ “ಹೂವೇ ಬಿಡಲಿಲ್ಲ” ಎಂದರೆ ಗಿಡದ ತಪ್ಪಲ್ಲ.

ಮಡಿಗೊಂದು ಮಂಕರಿ, ಅಂದರೆ ಹತ್ತು ಕಿಲೋ, ಚೆನ್ನಾಗಿ ಕಳಿತ ಗೊಬ್ಬರ. ಕಳಿತದ್ದು ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳುಗಳನ್ನು ಊಟಕ್ಕೆ ಕರೆದ ಹಾಗೆ. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು.

ಬೀಜಕ್ಕಿಂತ ಮುಂಚೆ ಬೇಲಿ. ಒಂದು ಮೇಕೆಮರಿ ಹತ್ತು ನಿಮಿಷ ಒಳಗಿದ್ದರೆ ಎರಡು ತಿಂಗಳ ಕೆಲಸ ಹೋಯಿತು. ಮಡಿಗಳ ಸುತ್ತ ಒಂದಡಿ ಓಡಾಡಲು ಬಿಟ್ಟು, ಸೀಮೆಜಾಲಿ ಮುಳ್ಳಾದರೂ ಸರಿ, ಹಳೆಯ ಮೀನಿನ ಬಲೆಯಾದರೂ ಸರಿ, ಕಟ್ಟಿ ಮುಗಿಸಿ. ಆಮೇಲೆ ಬೀಜ.

ಮೊದಲನೆಯ ಮಡಿ ಪೂರ್ತಿ ಸೊಪ್ಪಿಗೆ. ಎಲ್ಲರೂ ಮಾಡುವ ತಪ್ಪು, ಮಡಿ ತುಂಬ ಒಂದೇ ದಿನ ಬೀಜ ಚೆಲ್ಲುವುದು. ಒಂದೇ ವಾರದಲ್ಲಿ ಎಲ್ಲಾ ಕೊಯ್ಲಿಗೆ ಬರುತ್ತದೆ. ನಾಲ್ಕು ದಿನ ತಿಂದು, ಉಳಿದದ್ದನ್ನು ನೆಂಟರಿಗೆ ಕೊಟ್ಟು, ಆಮೇಲೆ ತಿಂಗಳು ಪೂರ್ತಿ ಖಾಲಿ. ಹದಿನೈದಡಿಯನ್ನು ಐದೈದು ಅಡಿಯ ಮೂರು ಪಾಲು ಮಾಡಿ, ಹತ್ತು ಹತ್ತು ದಿನ ಬಿಟ್ಟು ಬಿತ್ತಿ. ದಂಟಿನ ಬೀಜ ಬಹಳ ಸಣ್ಣದು. ಒಂದು ಚಮಚ ಬೀಜಕ್ಕೆ ಒಂದು ಬೊಗಸೆ ಸಣ್ಣ ಮರಳು ಬೆರೆಸಿ ಉದುರಿಸಿದರೆ ಒತ್ತಾಗಿ ಬೀಳುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ದಂಟನ್ನು ಬುಡಸಮೇತ ಕೀಳಬೇಕಾಗಿಲ್ಲ. 25–30 ದಿನಕ್ಕೆ ಮೊದಲ ಕಟಾವು. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಮೆಂತ್ಯ, ಸಬ್ಬಸಿಗೆಯನ್ನು ದಂಟಿನ ಜಾಗ ಖಾಲಿಯಾದ ಹಾಗೆ ಹಾಕುತ್ತಾ ಹೋಗಿ. ಬಸಳೆಯ ಎರಡು ಬಳ್ಳಿ ಬೇಲಿಗೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಜನಕ್ಕೆ ರಕ್ತಹೀನತೆ ಇತ್ತು. ಚಿಕ್ಕ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು. ಹಾಗಾಗಿ ಸೊಪ್ಪಿನ ಮಡಿಯನ್ನು ನಾನು ಮೊದಲು ಹೇಳುವುದು. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಬೇಯಿಸಿ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದೂ ತಪ್ಪುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಸೊಪ್ಪು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಮೊದಲ ಪಾಲು ಯಾರ ತಟ್ಟೆಗೆ ಬೀಳಬೇಕು ಎಂಬುದನ್ನು ಮನೆಯವರೇ ಯೋಚಿಸಿ. ಕಡೆಯಲ್ಲಿ ಉಣ್ಣುವವಳಿಗೆ ಪಾತ್ರೆಯ ತಳದ ಸಾರು ಮಾತ್ರ ಉಳಿಯುತ್ತದೆ.

ಎರಡನೆಯ ಮಡಿಯಲ್ಲಿ ಆರು ಬದನೆ, ಆರು ಟೊಮೆಟೊ, ನಾಲ್ಕು ಮೆಣಸಿನ ಗಿಡ. ಐದು ಜನಕ್ಕೆ ಸಾಕು. ಮೂರೂ ಒಂದೇ ಕುಲದವು, ರೋಗವೂ ಒಂದೇ. ಮುಂದಿನ ಸಲ ಅದೇ ಮಡಿಯಲ್ಲಿ ಹಾಕಬೇಡಿ. ಮೂರನೆಯದಕ್ಕೆ ಬೆಂಡೆ ಮತ್ತು ಅಲಸಂದೆ. ಅರ್ಕಾ ಅನಾಮಿಕ ಬೆಂಡೆ ಹಳದಿ ನಂಜು ರೋಗವನ್ನು ತಡೆಯುತ್ತದೆ. ಬೆಂಡೆ 45–50 ದಿನಕ್ಕೆ ಬರುತ್ತದೆ. ಬಂದ ಮೇಲೆ ದಿನ ಬಿಟ್ಟು ದಿನ ಕೀಳಲೇಬೇಕು. ಗಿಡದಲ್ಲಿ ಬಲಿತರೆ ಹೊಸ ಹೂವು ನಿಲ್ಲುತ್ತದೆ. ನಾಲ್ಕನೆಯ ಮಡಿಗೆ ಈಗ ಏನೂ ನೆಡಬೇಡಿ. ಸೆಣಬು ಚೆಲ್ಲಿ, ಹೂ ಬಿಡುವ ಮುಂಚೆ ಕತ್ತರಿಸಿ ಮಣ್ಣಿಗೆ ಸೇರಿಸಿ. ಹಸ್ತ ಮಳೆಯ ಹೊತ್ತಿಗೆ ಅಲ್ಲಿ ಮೂಲಂಗಿ, ಈರುಳ್ಳಿ.

ಬೇಲಿಯ ಮೇಲೆ ಕುಂಬಳವೋ ಸೋರೆಯೋ ಒಂದು ಬಳ್ಳಿ ಇರಲಿ. “ಹೂವೆಲ್ಲ ಉದುರ್ತಾ ಇದೆ, ಔಷಧಿ ಹೇಳಿ” ಎಂದು ಪ್ರತಿ ವರ್ಷ ಹತ್ತು ಜನ ಕೇಳುತ್ತಾರೆ. ಅದು ರೋಗವಲ್ಲ. ಈ ಬಳ್ಳಿಗಳಲ್ಲಿ ಮೊದಲು ಬರುವುದು ಗಂಡು ಹೂವು, ಉದುರುವುದೇ ಅದರ ಧರ್ಮ. ಹೆಣ್ಣು ಹೂವಿನ ಹಿಂದೆ ಗೋಲಿ ಗಾತ್ರದ ಮಿಡಿ ಇರುತ್ತದೆ. ಮಿಡಿಯೂ ಹಳದಿಯಾಗಿ ಬೀಳುತ್ತಿದ್ದರೆ ಜೇನುನೊಣ ಬರುತ್ತಿಲ್ಲ ಎಂದು ತಿಳಿಯಿರಿ. ಕುಂಬಳದ ಹೂವು ಬೆಳಗ್ಗೆ ಅರಳುತ್ತದೆ, ಸೋರೆಯದು ಸಂಜೆ. ಆ ಹೊತ್ತಿನಲ್ಲಿ ಒಂದು ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸಿ. ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಮಾಡುತ್ತಾರೆ.

ಗಿಡಮರದ ವಿಚಾರದಲ್ಲಿ ಆಸೆ ಬೇಡ. ಬಚ್ಚಲ ಗುಣಿಯ ಪಕ್ಕ ಎರಡು ಬಾಳೆ, ಒಂದಿಷ್ಟು ಕೆಸು. ಇವು ಎಷ್ಟು ನೀರನ್ನಾದರೂ ಕುಡಿಯುತ್ತವೆ. ಪರಂಗಿಯನ್ನು ಅಲ್ಲಿ ನೆಟ್ಟೀರಿ ಜೋಕೆ. ಬುಡದಲ್ಲಿ ಎರಡು ದಿನ ನೀರು ನಿಂತರೆ ಅದು ಕೊಳೆತು ಬೀಳುತ್ತದೆ. ಅದಕ್ಕೆ ದಿಬ್ಬ ಬೇಕು. ನಾಟಿ ಪರಂಗಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಹೂ ಬರುವವರೆಗೆ ಗೊತ್ತಾಗುವುದಿಲ್ಲ. ಒಂದು ಗುಣಿಗೆ ಮೂರು ಸಸಿ ನೆಟ್ಟು, ಉದ್ದ ಗೊಂಚಲಲ್ಲಿ ಜೋತಾಡುವ ಹೂವಿನ ಗಂಡು ಗಿಡವನ್ನು ತೆಗೆದು, ಕಾಂಡಕ್ಕೆ ಅಂಟಿಕೊಂಡು ಹೂ ಬಿಡುವುದನ್ನು ಉಳಿಸಿಕೊಳ್ಳಿ. ಹತ್ತಿರದಲ್ಲಿ ಎಲ್ಲಿಯಾದರೂ ಒಂದು ಗಂಡು ಗಿಡ ಇರಬೇಕು. ಆ ತೊಡಕೇ ಬೇಡ ಎನ್ನುವವರು ದ್ವಿಲಿಂಗ ಹೂವಿನ ತಳಿಯ ಸಸಿ ತನ್ನಿ. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ. ನುಗ್ಗೆಯನ್ನು ಮೂರಡಿ ಎತ್ತರಕ್ಕೆ ಬಂದಾಗ ತುದಿ ಚಿವುಟಿ, ಕೈಗೆಟಕುವಷ್ಟೇ ಬೆಳೆಸಿ. ನುಗ್ಗೆ ಕೊಂಬೆ ಬಹಳ ಮೆದು; ಎತ್ತರ ಬಿಟ್ಟರೆ ಹುಡುಗರು ಹತ್ತಿ ಕೈ ಮುರಿದುಕೊಳ್ಳುತ್ತಾರೆ.

ಹುಳು ಕಂಡರೆ ಹೊಲಕ್ಕೆ ತಂದ ಔಷಧಿಯ ಬಾಟಲಿಗೆ ಮಾತ್ರ ಕೈ ಹಾಕಬೇಡಿ. ಮೆಣಸಿನ ಹೊಲಕ್ಕೆ ಹೊಡೆದು ಮಿಕ್ಕಿದ್ದನ್ನು “ಚೆಲ್ಲುವುದೇಕೆ” ಎಂದು ಮನೆಯ ಬದನೆಗೆ ಹೊಡೆದು, ಮಾರನೆಯ ದಿನವೇ ಕಿತ್ತು ಹುಳಿ ಮಾಡಿದ ಮನೆಯನ್ನು ನಾನು ಕಂಡಿದ್ದೇನೆ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಮಾರನೆಯ ದಿನ ಹಿಂಡಿ, ಸೋಸಿ, ಚಿಟಿಕೆ ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿದರೆ ಬೇಕಾದಷ್ಟಾಯಿತು. ಬದನೆಯ ಬಾಡಿದ ಕುಡಿಯನ್ನು ಒಳಗಿರುವ ಹುಳುವಿನ ಸಮೇತ ಚಿವುಟಿ ಸುಡಿ. ಕೈಗಿಂತ ಒಳ್ಳೆಯ ಔಷಧಿ ಇಷ್ಟು ಸಣ್ಣ ತೋಟಕ್ಕೆ ಇಲ್ಲ.

ಕೋಳಿ? ಮೊದಲ ವರ್ಷ ಬೇಡ. ಬಿತ್ತಿದ ಮಡಿಯನ್ನು ಕೆದಕುವುದರಲ್ಲಿ ಅವು ಮೇಕೆಗೆ ಅಣ್ಣಂದಿರು. ನಾನು ಕೊಡಿಸಿದ ಹತ್ತು ಮರಿಯಲ್ಲಿ ಎಂಟು ಕೊಕ್ಕರೆ ರೋಗಕ್ಕೆ ಹೋದವು, ಲಸಿಕೆ ಹಾಕಿಸಿರಲಿಲ್ಲ. ಎರಡನೆಯ ವರ್ಷ ನಾಲ್ಕು ಹೇಂಟೆಯಿಂದ ಶುರು ಮಾಡಿ, ಪಶು ಆಸ್ಪತ್ರೆಯಲ್ಲಿ ಲಸಿಕೆಯ ದಿನ ಕೇಳಿಕೊಂಡು ಬಂದ ಮೇಲೆ. ಗಿರಿರಾಜ ಕೋಳಿ ತರುವುದಾದರೆ ಒಂದು ಮಾತು ನೆನಪಿರಲಿ: ಅದು ಕಾವಿಗೆ ಕೂರುವುದಿಲ್ಲ, ಮರಿ ಬೇಕಾದರೆ ಜೊತೆಗೆ ಒಂದು ನಾಟಿ ಹೇಂಟೆ ಇರಬೇಕು.

ಬೇಸಿಗೆ ಶುರುವಾದಾಗ ಮಡಿಯ ಮಣ್ಣನ್ನು ಬರಿದಾಗಿ ಬಿಡಬೇಡಿ. ತೊಗರಿ ಹೊಟ್ಟು, ಹೊಂಗೆ ಎಲೆ, ತೆಂಗಿನ ಗರಿ, ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ ಹೊದಿಸಿ. ನೆಂಟರು ಬಂದು ಹೋದ ವಾರ ಬಚ್ಚಲ ನೀರು ಹೆಚ್ಚು, ಮನೆಯವರು ಊರಿಗೆ ಹೋದರೆ ಕಡಿಮೆ; ಆ ಏರುಪೇರನ್ನು ಹೊದಿಕೆ ಸರಿದೂಗಿಸುತ್ತದೆ. ಅಷ್ಟಾದರೂ ನೀರು ಸಾಲದೆ ಬಂದರೆ ಮೊದಲು ಬೆಂಡೆ ಮಡಿಯನ್ನು ಕೈಬಿಡಿ, ಆಮೇಲೆ ಬದನೆ. ಸೊಪ್ಪಿನ ಮಡಿ ಕಡೆಯವರೆಗೆ ಉಳಿಯಲಿ.

ಆ ತಾಯಿಯ ಮನೆಗೆ ಹೋದ ತಿಂಗಳು ಹೋಗಿದ್ದೆ. ತೋಟ ಈಗಲೂ ಬಚ್ಚಲ ಮೂಲೆಯಲ್ಲೇ ಇದೆ, ನಾಲ್ಕು ಮಡಿಯಾಗಿ. “ಮಿಕ್ಕ ಜಾಗ ಯಾಕಮ್ಮ ಖಾಲಿ?” ಎಂದು ನನ್ನ ಜೊತೆ ಬಂದ ಹೊಸ ಹುಡುಗ ಕೇಳಿದ. “ಮನೆಗೆ ಸೊಸೆ ಬಂದ್ಮೇಲೆ ಇನ್ನೊಂದು ಬಕೆಟ್ ನೀರು ಬರ್ತದೆ, ಆವಾಗ ನೋಡೋಣ” ಎಂದರು. ಬರುವಾಗ ಒಂದು ಕಟ್ಟು ದಂಟು ಕೊಟ್ಟರು.

ಬೀಜ, ಸಸಿ ಬೇಕಾದವರು ತಾಲ್ಲೂಕಿನ ತೋಟಗಾರಿಕೆ ಕಛೇರಿಯಲ್ಲಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸಣ್ಣ ಪೊಟ್ಟಣವನ್ನೇ ಕೇಳಿ ತನ್ನಿ. ಈರುಳ್ಳಿ ಬೀಜ ಒಂದು ವರ್ಷ ಇಟ್ಟರೆ ಸರಿಯಾಗಿ ಹುಟ್ಟುವುದಿಲ್ಲ. ಬರುವಾಗ ಬಚ್ಚಲ ನೀರಿನ ಲೆಕ್ಕ ಬರೆದುಕೊಂಡು ಬನ್ನಿ.